ಉಗುಳುವ ಟ್ಯಾಂಕು ಮತ್ತು ನಾನಾಡಿದ ಒಂದು ಮಾತು

ಆ ವ್ಯಾನಿನ ಪೆಟ್ರೋಲ್ ಟ್ಯಾಂಕು ಇದ್ದದ್ದು ಡ್ರೈವರ್ ಸೀಟಿನ ಕೆಳಗೆ. ಪೆಟ್ರೋಲ್ ಹುಯ್ಯಬೇಕೆಂದರೆ ಡ್ರೈವರ್ ಮೊದಲು ಕೆಳಗಿಳಿಯಬೇಕು, ಮೆತ್ತೆ ಎತ್ತಿ ಹೊರಗಿಡಬೇಕು, ಅದರಡಿಯ ಹಲಗೆ ಸರಿಸಬೇಕು. ಆಗ ಹಿತ್ತಾಳೆಯ ಮುಚ್ಚಳ ಕಾಣುತ್ತಿತ್ತು. ಎಷ್ಟೋ ವರ್ಷ ಹಳೆಯದಾದ ಅಮೆರಿಕದ ಚಾಸಿ, ಅದರ ಮೇಲೆ ಹಾಸನದ ಬಡಗಿಗಳು ಕಟ್ಟಿದ ಮರದ ಮೈ. ಎಂಟು ಜನ ಕೂರುವ ಜಾಗದಲ್ಲಿ ಹದಿನಾಲ್ಕು ಜನ ಕೂರುತ್ತಿದ್ದರು, ಟಪಾಲು ಚೀಲವೂ ಇರುತ್ತಿತ್ತು. ಹಾಸನದಿಂದ ಹೊರಟು ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಮತ್ತೆ ಹಾಸನ. ಇದು ಅದರ ದಿನದ ಸುತ್ತು.

ನಾನು ಆ ವ್ಯಾನಿನ ಮೇಸ್ತ್ರಿ. ಹಾಸನದ ಮೋಟಾರು ಸ್ಟ್ಯಾಂಡಿನ ಹಿಂದೆ ತಗಡು ಹೊದಿಸಿದ ಒಂದು ಚಾವಡಿಯಲ್ಲಿ ನನ್ನ ಕೆಲಸ. ಕೈಯಲ್ಲಿ ಸ್ಪ್ಯಾನರು ಎಷ್ಟು ಹೊತ್ತು ಇರುತ್ತಿತ್ತೋ ಬಾಯಲ್ಲಿ ತಮಾಷೆಯೂ ಅಷ್ಟೇ ಹೊತ್ತು ಇರುತ್ತಿತ್ತು. ಗಾಡಿ ಕಾಯುವ ಜನ ನನ್ನ ಚಾವಡಿಯ ಮುಂದೆ ನಿಂತು ನಾನು ಇವತ್ತು ಯಾರ ಕಾಲೆಳೆಯುತ್ತೇನೆ ಎಂದು ಕಾಯುತ್ತಿದ್ದರು. ಅದರಿಂದ ನನಗೆ ಒಂದು ರೀತಿಯ ಸೊಕ್ಕೂ ಬಂದಿತ್ತು. ಈಗ ಒಪ್ಪಿಕೊಳ್ಳುವುದಕ್ಕೆ ಕಷ್ಟವಿಲ್ಲ. ಆಗ ಯಾರಾದರೂ ಹೇಳಿದ್ದರೆ ಅವರನ್ನೂ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ.

ಡ್ರೈವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನುಗ್ಗೇಹಳ್ಳಿಯ ಕಡೆಯವರು. ಎಲ್ಲರೂ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಉಳಿದದ್ದನ್ನು ವ್ಯಾನಿನ ಮೂತಿಗೂ ಮೂರು ಬೆರಳಿನಿಂದ ಎಳೆಯುತ್ತಿದ್ದರು. ಮಾತು ಕಡಿಮೆ. ನನ್ನ ತಮಾಷೆ ಕೇಳಿದಾಗ ಮಾತ್ರ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು ನಗುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ನಮಗೆ ಸಿಗುತ್ತಿದ್ದದ್ದು ನಾಲ್ಕು ಗ್ಯಾಲನ್ನಿನ ಮೊಹರು ಮಾಡಿದ ಟಿನ್ನುಗಳಲ್ಲಿ. ಟಿನ್ನಿನ ಮೂಲೆ ಕತ್ತರಿಸಿ, ಟ್ಯಾಂಕಿನ ಕತ್ತಿಗೆ ಇಟ್ಟ ಆಲಿಕೆಗೆ ತೆಳು ಮಲ್ ಬಟ್ಟೆ ಹಾಸಿ, ಒಂದು ಕಾಲನ್ನು ವ್ಯಾನಿನ ಮೆಟ್ಟಿಲ ಮೇಲಿಟ್ಟು, ಟಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಗ್ಗಿಸುವುದು. ಅದಕ್ಕೂ ಒಂದು ಹದ ಬೇಕು. ಡ್ರೈವರಣ್ಣನಿಗೆ ಆ ಹದ ಇತ್ತು.

ಆ ವರ್ಷ ಸುಗ್ಗಿಗೆ ಮುಂಚೆ ಟ್ಯಾಂಕಿನ ಒಂದು ಮೂಲೆಯಲ್ಲಿ ಪೆಟ್ರೋಲ್ ಒಸರತೊಡಗಿತು. ಆ ಮೂಲೆಯಲ್ಲಿ ರಾಗಿ ಕಡ್ಡಿಯಷ್ಟು ಸಣ್ಣ ತಾಮ್ರದ ಕೊಳವೆಯೊಂದು ಟ್ಯಾಂಕಿನ ನೆತ್ತಿಯಿಂದ ಎದ್ದು, ಬಾಗಿ ಬಂದು, ಪೆಟ್ರೋಲ್ ಹುಯ್ಯುವ ಕತ್ತಿನೊಳಗೆ ಮುಚ್ಚಳದ ಸ್ವಲ್ಪ ಕೆಳಗೆ ಸೇರುತ್ತಿತ್ತು. ಪೆಟ್ರೋಲ್ ಒಳಗೆ ಹೋಗುವಾಗ ಒಳಗಿನ ಗಾಳಿ ಆ ಕೊಳವೆಯಿಂದ ಹೊರಗೆ ಬರಬೇಕು. ಅದಕ್ಕೇ ಅದನ್ನು ಇಟ್ಟಿರುವುದು. ರಸ್ತೆಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಕೊಳವೆ ಟ್ಯಾಂಕಿಗೆ ಸೇರುವ ಜಾಗದ ಬೆಸುಗೆ ಬಿಟ್ಟಿತ್ತು.

ಸರಿಯಾದ ಕೆಲಸವೆಂದರೆ ಟ್ಯಾಂಕು ಇಳಿಸಿ, ಕುದಿಯುವ ನೀರಿನಲ್ಲಿ ತೊಳೆದು, ಹೊಸದಾಗಿ ಬೆಸೆಯಬೇಕು. ಆದರೆ ಬೆಸುಗೆಗೆ ಬೇಕಾದ ತವರ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಗಾಡಿಯ ಯಜಮಾನರು ಎರಡು ದಿನ ಗಾಡಿ ನಿಲ್ಲಿಸುವುದಕ್ಕೂ ಒಪ್ಪುತ್ತಿರಲಿಲ್ಲ. ಹಾಗಾಗಿ ರಸ್ತೆಯಲ್ಲಿ ಕೆಟ್ಟುನಿಂತ ಗಾಡಿಗೆ ಎಲ್ಲ ಮೇಸ್ತ್ರಿಗಳೂ ಮಾಡುವುದನ್ನೇ ನಾನೂ ಮಾಡಿದೆ. ಬಟ್ಟೆ ಒಗೆಯುವ ಸೋಪನ್ನು ಹತ್ತಿಯ ಜೊತೆ ನಾದಿ, ಕೊಳವೆಯ ಬುಡವನ್ನು ಸ್ವಲ್ಪ ಮೇಲಕ್ಕೆಳೆದು, ಅದಕ್ಕೆ ದಪ್ಪವಾಗಿ ಮೆತ್ತಿ, ಮತ್ತೆ ಒಳಕ್ಕೆ ಒತ್ತಿ ಕೂರಿಸಿ, ಮೇಲೆ ಬಟ್ಟೆ ಸುತ್ತಿ ಅರಗು ಹಚ್ಚಿದೆ. ಸೋಪು ಪೆಟ್ರೋಲಿಗೆ ಕರಗುವುದಿಲ್ಲ, ಬರಬರುತ್ತ ಕಲ್ಲಾಗುತ್ತದೆ. ಒಸರುವುದು ನಿಂತಿತು. ಅರ್ಧ ಗಂಟೆಯ ಕೆಲಸ. ಯಜಮಾನರು ಶಹಭಾಸ್ ಎಂದರು. ನಾನು ಅದನ್ನು ಮರೆತೇಬಿಟ್ಟೆ.

ಹದಿನೈದು ದಿನ ಕಳೆದಿರಬೇಕು. ಡ್ರೈವರಣ್ಣ ಚಾವಡಿಗೆ ಬಂದು ನಿಂತರು. ಮೊಣಕಾಲಿನ ಕೆಳಗೆ ಪಂಚೆ ಒದ್ದೆಯಾಗಿತ್ತು, ಪೆಟ್ರೋಲ್ ವಾಸನೆ ಗಮ್ಮೆನ್ನುತ್ತಿತ್ತು.

"ಮೇಸ್ತ್ರಿ, ಟ್ಯಾಂಕು ಉಗುಳ್ತದೆ ಕಣಪ್ಪಾ."

"ಏನ್ ಎಲಡ್ಕೆ ಆಕ್ಕೊಂಡೈತಾ ಡ್ರೈವರಣ್ಣ?" ಎಂದೆ. ಅವರು ನಕ್ಕರು, ಆದರೆ ಹೋಗಲಿಲ್ಲ.

"ಅಂಗಲ್ಲ. ಕಾಲು ಟಿನ್ನು ಓಯ್ತಿದ್ದಂಗೆ ಒಳಗಡೆ ಗೊಳಗೊಳ ಅಂತದೆ. ಆಮೇಕೆ ಆಲಿಕೆಯಿಂದ ಮ್ಯಾಕ್ಕೆ ಚಿಮ್ತದೆ. ನನ್ ಕಾಲ್ ನೋಡಿ, ಚರ್ಮ ಎಂಗಾಗೈತೆ."

ನೋಡಿದೆ. ಕಾಲಿನ ಚರ್ಮ ಬೆಳ್ಳಗೆ ಸುಲಿದಿತ್ತು. ಆದರೂ ನನಗೆ ಹೊಳೆದದ್ದು ಆಲಿಕೆ. ಆಲಿಕೆಯ ಮೂತಿ ಟ್ಯಾಂಕಿನ ಕತ್ತಿಗೆ ಬಿಗಿಯಾಗಿದೆ, ಗಾಳಿ ಬರಲು ಜಾಗವಿಲ್ಲ ಎಂದು ಸಣ್ಣ ಮೂತಿಯ ಆಲಿಕೆ ಮಾಡಿಕೊಟ್ಟೆ. ಎರಡು ದಿನ ಬಿಟ್ಟು ಅವರು ಮತ್ತೆ ಬಂದರು. ಮಲ್ ಬಟ್ಟೆಯಲ್ಲಿ ಕಸ ಕಟ್ಟಿದೆ ಎಂದು ಬಟ್ಟೆ ಬದಲಾಯಿಸಿದೆ. ಮತ್ತೆ ಬಂದರು. ಗಾಡಿ ಇಳಿಜಾರಿನಲ್ಲಿ ನಿಲ್ಲಿಸುತ್ತೀರಿ, ಮಟ್ಟದ ಜಾಗದಲ್ಲಿ ನಿಲ್ಲಿಸಿ ಎಂದೆ. ಅದನ್ನೂ ಮಾಡಿದರು. ಟ್ಯಾಂಕು ಉಗುಳುತ್ತಲೇ ಇತ್ತು.

ಎಂಜಿನ್ನು ಮಾತ್ರ ಚೆನ್ನಾಗಿ ಓಡುತ್ತಿತ್ತು. ನನ್ನನ್ನು ದಾರಿ ತಪ್ಪಿಸಿದ್ದು ಅದೇ. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಎಂಜಿನ್ನು ನಡುದಾರಿಯಲ್ಲಿ ನಿಲ್ಲಬೇಕು ಎಂದು ನನ್ನ ಲೆಕ್ಕ. ಮುಚ್ಚಳದ ನೆತ್ತಿಯಲ್ಲಿ ಸೂಜಿ ತೂರುವಷ್ಟು ಒಂದು ತೂತಿತ್ತು. ಓಡುವಾಗ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಅಲ್ಲಿಂದ ಹೋಗುತ್ತಿತ್ತು. ಹುಯ್ಯುವಾಗ ಮುಚ್ಚಳ ತೆಗೆದಿರುತ್ತದೆ, ಕತ್ತಿನ ತುಂಬ ಪೆಟ್ರೋಲ್ ಇರುತ್ತದೆ, ಆಗ ಗಾಳಿಗೆ ಆ ಕೊಳವೆಯೊಂದೇ ದಾರಿ. ಇಷ್ಟನ್ನು ಒಂದು ಬೀಡಿ ಸೇದುವಷ್ಟು ಹೊತ್ತು ಕೂತು ಯೋಚಿಸಿದ್ದರೆ ತಿಳಿಯುತ್ತಿತ್ತು. ನಾನು ಯೋಚಿಸಲಿಲ್ಲ. ನಾನು ರಿಪೇರಿ ಮಾಡಿದ ಟ್ಯಾಂಕಿನಲ್ಲಿ ದೋಷ ಇರಬಹುದೆಂಬುದೇ ನನ್ನ ತಲೆಗೆ ಬರಲಿಲ್ಲ.

ಡ್ರೈವರಣ್ಣ ಚೆಲ್ಲಿದ ಕಡೆಯೆಲ್ಲ ಮರಳು ಎರಚಿ, ಬೀಡಿ ಸೇದುವವರನ್ನು ದೂರ ಕಳಿಸಿ, ವಾಸನೆ ಆರುವವರೆಗೆ ಕಾದು, ಆಮೇಲೆ ಎಂಜಿನ್ನು ತಿರುಗಿಸುತ್ತಿದ್ದರು. ಅದರಿಂದ ಗಾಡಿ ತಡವಾಗಿ ಹೊರಡುತ್ತಿತ್ತು. ಟಪಾಲಿನವರು ದೂರು ಹೇಳಿದರು. ಯಜಮಾನರು ಒಂದು ದಿನ ತಾವೇ ಅಳತೆ ಕಡ್ಡಿ ಇಳಿಸಿ ನೋಡಿದರು. ಟಿನ್ನಿನಲ್ಲಿ ಇದ್ದಷ್ಟು ಟ್ಯಾಂಕಿಗೆ ಹೋಗಿರಲಿಲ್ಲ, ಸುಮಾರು ಒಂದು ಸೇರು ಕಡಿಮೆ. ಪೆಟ್ರೋಲಿಗೆ ಕಳ್ಳ ಗಿರಾಕಿಗಳು ಎಲ್ಲ ಊರಿನಲ್ಲೂ ಇದ್ದ ಕಾಲ ಅದು. ಯಜಮಾನರು ಕೆಟ್ಟವರಲ್ಲ, ಆದರೆ ಅವರ ಮುಖ ಅವತ್ತು ಬೇರೆಯಾಯಿತು.

ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಎಲ್ಲರೂ ಇದ್ದಾಗಲೇ ನನ್ನನ್ನು ಕರೆದರು. ಎಲೆಯಡಿಕೆ ಅಂಗಡಿಯವನು, ಟಪಾಲಿನವನು, ಗಾಡಿಗೆ ಕಾದಿದ್ದ ಇಪ್ಪತ್ತು ಜನ ಸುತ್ತ ನಿಂತರು.

"ಮೇಸ್ತ್ರಿ, ಎಲ್ಲಾರ ಮುಂದೇನೇ ಒಂದ್ಸಾರಿ ನೋಡಿಬಿಡು. ಟ್ಯಾಂಕಲ್ಲಿ ಏನಾರ ಐಬಿದ್ಯೋ ಇಲ್ವೋ ಹೇಳಿಬಿಡು."

ಟಿನ್ನನ್ನೇ ಎತ್ತಿ ಹುಯ್ದರೆ ಚೆಲ್ಲಿ ದಂಡವಾದೀತೆಂದು ನಾನು ಪಾವಿನ ಅಳತೆಯಲ್ಲಿ ಒಂದೊಂದೇ ಪಾವು ಪೆಟ್ರೋಲ್ ತೆಗೆದು ಹುಯ್ಯುತ್ತ ಹೋದೆ. ಆರು ಪಾವು ಹೋಯಿತು, ಹತ್ತು ಪಾವು ಹೋಯಿತು. ಒಂದು ತೊಟ್ಟೂ ಹೊರಗೆ ಬರಲಿಲ್ಲ. ಬರುವುದಾದರೂ ಹೇಗೆ? ಅಷ್ಟು ನಿಧಾನವಾಗಿ ಹುಯ್ದರೆ ಗಾಳಿ ಕತ್ತಿನಿಂದಲೇ ಆರಾಮವಾಗಿ ಹೊರಗೆ ಬರುತ್ತದೆ.

ಡ್ರೈವರಣ್ಣ ಮುಂದೆ ಬಂದರು. "ಅಂಗೆ ಪಾವಿನಾಗೆ ಉಯ್ದರೆ ಉಗುಳಾಕಿಲ್ಲ ಕಣ್ ಮೇಸ್ತ್ರಿ. ಟಿನ್ನು ಎತ್ತಿ ಉಯ್ದು ನೋಡಿ, ಆಗ ಗೊತ್ತಾಯ್ತದೆ."

ಅವರು ಹೇಳಿದ್ದು ಸರಿ. ಸರಿಯಾದ ಪರೀಕ್ಷೆ ಹೇಗೆಂದು ಅಲ್ಲಿದ್ದವರಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಆದರೆ ಇಪ್ಪತ್ತು ಜನರ ಮುಂದೆ ಡ್ರೈವರೊಬ್ಬ ನನಗೆ ನನ್ನ ಕೆಲಸ ಹೇಳಿಕೊಡುವುದೇ ಎಂದು ನನಗೆ ಉರಿಯಿತು. ಟವೆಲ್ಲಿಗೆ ಕೈ ಒರೆಸಿಕೊಂಡೆ. ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರು ಏನನ್ನೋ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೇಳಿಬಿಟ್ಟೆ.

"ಟ್ಯಾಂಕು ಕಲ್ಲುಗುಂಡು ಇದ್ದಂಗೈತೆ ಸಾ. ಪೆಟ್ರೋಲ್ ಎಲ್ಲಿಗೋಯ್ತದೆ ಅಂತ ಆ ಉಯ್ಯೋ ಕೈನೇ ಕೇಳಿ!"

ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಎಲೆಯಡಿಕೆಯವನು ತೊಡೆ ತಟ್ಟಿಕೊಂಡ. ಡ್ರೈವರಣ್ಣ ಅಭ್ಯಾಸದಂತೆ ಟವೆಲ್ಲನ್ನು ಬಾಯಿಯವರೆಗೆ ತಂದರು, ನನ್ನ ಮಾತಿಗೆ ನಗುವುದು ಅವರಿಗೆ ಅಷ್ಟು ರೂಢಿಯಾಗಿತ್ತು. ಆಮೇಲೆ ಮಾತಿನ ಅರ್ಥ ತಿಳಿದು, ಟವೆಲ್ಲು ಕೆಳಗಿಳಿಸಿದರು. ಮೆತ್ತೆ ಹಾಕಿ, ಗಾಡಿ ಹತ್ತಿ, ಹೊರಟುಹೋದರು.

ಮಾತು ಆ ಗಾಡಿಯಲ್ಲೇ ಹೋಯಿತು. ಗಾಡಿಯಲ್ಲಿ ಕೂತಿದ್ದವರು ಅರಕಲಗೂಡಿನಲ್ಲಿ ಇಳಿದು ಹೇಳಿದರು, ಹೊಳೆನರಸೀಪುರದಲ್ಲಿ ಇಳಿದು ಹೇಳಿದರು. ವಾರದೊಳಗೆ ಡ್ರೈವರಣ್ಣ ಎಂಬ ಹೆಸರು ಹೋಗಿ 'ಉಯ್ಯೋ ಕೈ' ಎಂಬ ಹೆಸರು ಬಂತು. ಏನ್ ಉಯ್ಯೋ ಕೈ, ಇವತ್ತು ಯಾರ ಮನೆಗೆ ಉಯ್ದೆ, ಎಂದು ಅರಕಲಗೂಡಿನಲ್ಲಿ ಕೇಳುತ್ತಾರಂತೆ ಎಂದು ಯಾರೋ ಬಂದು ನನಗೆ ಹೇಳಿದರು. ನನ್ನ ಮಾತು ಅಷ್ಟು ದೂರ ಹೋಯಿತಲ್ಲ ಎಂದು ನಾನು ಹಿಗ್ಗಿದೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಒಂದು ತಿಂಗಳು ತಡೆದುಕೊಂಡರು. ಒಂದು ಸಂಜೆ ಎಂಜಿನ್ನು ತಿರುಗಿಸುವ ಹ್ಯಾಂಡಲ್ಲು ತಂದು ಯಜಮಾನರ ಮುಂದಿಟ್ಟು, "ಮಂಡಿ ನೋವು ಸಾ, ಇನ್ ಆಗಾಕಿಲ್ಲ," ಎಂದು ಊರಿಗೆ ಹೊರಟುಹೋದರು. ಯಜಮಾನರು ಬೇಡ ಎನ್ನಲಿಲ್ಲ.

ಅವರ ಜಾಗಕ್ಕೆ ಯಜಮಾನರ ದೂರದ ನೆಂಟನೊಬ್ಬ ಬಂದ. ಅದೇ ಹೊತ್ತಿಗೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೂ ಗಾಡಿ ಓಡಿಸಲು ಪರ್ಮಿಟ್ ಸಿಕ್ಕಿತು. ಹೊಸ ಸುತ್ತಿನ ಮೊದಲ ದಿನ, ನೆಂಟನ ಕೆಲಸಕ್ಕೂ ಅದೇ ಮೊದಲ ದಿನ, ಯಜಮಾನರು ಬಿಳಿ ಪಂಚೆ, ಜರಿ ಅಂಚಿನ ಶಲ್ಯ ಹಾಕಿಕೊಂಡು ಬಂದು ಗಾಡಿಯ ಪಕ್ಕದಲ್ಲೇ ನಿಂತರು. ನೆಂಟ ಟಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಗ್ಗಿಸಿದ. ಕಾಲು ಟಿನ್ನು ಹೋಗಿತ್ತು. ಒಳಗೆ ಗೊಳಗೊಳ ಎಂದಿತು. ಆಲಿಕೆಯಿಂದ ಪೆಟ್ರೋಲ್ ಮೊಳದೆತ್ತರ ಚಿಮ್ಮಿ ಯಜಮಾನರ ಪಂಚೆಯ ಮೇಲೆ ಬಿತ್ತು.

ಯಾರೂ ನಗಲಿಲ್ಲ. ಯಜಮಾನರು ನನ್ನ ಕಡೆ ನೋಡಿದರು. ಗೊಳಗೊಳ ಎಂಬ ಆ ಸದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದು ಅದೇ ಮೊದಲು. ಅಷ್ಟು ದಿನ ಡ್ರೈವರಣ್ಣ ಹೇಳಿದ್ದರು, ನಾನು ಹೋಗಿ ಕೇಳಿರಲಿಲ್ಲ.

ಆವತ್ತು ಗಾಡಿ ಹೋಗಿ ಬರಲೆಂದು ಬಿಟ್ಟು, ಮಾರನೆಯ ದಿನ ಟ್ಯಾಂಕು ಇಳಿಸಿದೆ. ಉಳಿದ ಪೆಟ್ರೋಲ್ ಬಸಿದು, ಸೋಡಾ ಹಾಕಿದ ಕುದಿಯುವ ನೀರಿನಲ್ಲಿ ಮೂರು ಸಲ ಕುಲುಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಆಮೇಲೆ ತಾಮ್ರದ ಕೊಳವೆಯ ತುದಿಗೆ ಬಾಯಿಟ್ಟು ಊದಿದೆ. ಕೆನ್ನೆ ಉಬ್ಬಿತು, ಗಾಳಿ ಹೋಗಲಿಲ್ಲ. ಬುಡ ಬಿಡಿಸಿ, ಸೈಕಲ್ಲಿನ ಕಡ್ಡಿ ತೂರಿಸಿ ದೂಡಿದೆ. ಒಂದು ಅಂಗುಲ ಉದ್ದದ ಹಳದಿ ತುಂಡು ಹೊರಗೆ ಬಂತು. ಉಗುರಿನಿಂದ ಕೆರೆದು ಮೂಸಿದೆ. ಪೆಟ್ರೋಲ್ ವಾಸನೆಯ ಕೆಳಗೆ ಸೋಪಿನ ವಾಸನೆ ಇತ್ತು. ನಾನೇ ನಾದಿದ ಸೋಪು. ಕೊಳವೆಯನ್ನು ಒಳಕ್ಕೆ ಒತ್ತಿದಾಗ ಅದರ ಬಾಯೊಳಕ್ಕೇ ನುಗ್ಗಿ ಕಲ್ಲಾಗಿತ್ತು.

ಚಾವಡಿಯಲ್ಲಿ ಆಗ ಯಾರೂ ಇರಲಿಲ್ಲ. ಆ ತುಂಡನ್ನು ಚರಂಡಿಗೆ ಎಸೆದರೆ ಮುಗಿಯುತ್ತಿತ್ತು. ಯಜಮಾನರು ಬಂದು "ಏನಾಗಿತ್ತಯ್ಯಾ?" ಎಂದು ಕೇಳಿದಾಗ, "ಕೊಳವೆ ಕಟ್ಟಿತ್ತು ಸಾ, ಹಳೇ ಗಾಡಿ, ತುಕ್ಕು," ಎಂದೆ. ಅವರು "ಓ, ಹಂಗಾ," ಎಂದು ಹೋದರು. ಅಷ್ಟು ಸುಲಭವಾಗಿ ಹೋಯಿತು. ಅದು ಮೊದಲಿನ ಮಾತಿಗಿಂತ ಕೆಟ್ಟದ್ದು. ಮೊದಲಿನದನ್ನು ಗೊತ್ತಿಲ್ಲದೆ ಆಡಿದ್ದೆ, ಇದನ್ನು ಗೊತ್ತಿದ್ದೇ ಆಡಿದೆ.

ಮಾರನೆಯ ದಿನ ಸಂತೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಕೂತು, ಕಾಡಿ ಬೇಡಿ ಬೆರಳುದ್ದ ತವರ ತಂದೆ. ಹಳೇ ಬ್ಯಾಟರಿಯ ಸೀಸ ಕರಗಿಸಿ ಅದಕ್ಕೆ ಬೆರೆಸಿದೆ. ಟ್ಯಾಂಕಿನೊಳಗೆ ಪೆಟ್ರೋಲಿನ ಆವಿ ನಿಲ್ಲದ ಹಾಗೆ ಕತ್ತಿನವರೆಗೆ ನೀರು ತುಂಬಿ, ಕೊಳವೆಯ ಬುಡವೊಂದನ್ನೇ ಮೇಲೆ ಬಿಟ್ಟು ಬೆಸೆದೆ. ಆರಿದ ಮೇಲೆ ಒಳಗಿನ ನೀರು ಬಸಿದು, ಟ್ಯಾಂಕನ್ನು ಗಾಡಿಗೆ ಕೂರಿಸಿ, ಒಂದು ಟಿನ್ನು ತುಂಬ ನೀರು ತಂದು, ಕಾಲನ್ನು ಮೆಟ್ಟಿಲ ಮೇಲಿಟ್ಟು, ತೊಡೆಯ ಮೇಲೆ ಕೂರಿಸಿಕೊಂಡು, ಡ್ರೈವರಣ್ಣ ಹುಯ್ಯುತ್ತಿದ್ದ ಹಾಗೇ ಬಗ್ಗಿಸಿದೆ. ಗಟಗಟನೆ ಕುಡಿಯಿತು. ಒಂದು ಹನಿ ಹೊರಗೆ ಬರಲಿಲ್ಲ. ಕೆಲಸ ಗೆದ್ದಾಗ ಆಗುವ ಖುಷಿ ಆಗಲಿಲ್ಲ. ಖಾಲಿ ಟಿನ್ನು ಹಿಡಿದುಕೊಂಡು ಅಲ್ಲೇ ನಿಂತು ಅತ್ತುಬಿಟ್ಟೆ.

ಆ ಸಂಜೆಯೇ ಯಜಮಾನರ ಹತ್ತಿರ ಹೋಗಿ ಸೋಪಿನ ತುಂಡು ಮುಂದಿಟ್ಟು ಎಲ್ಲ ಹೇಳಿದೆ. ಅವರು ಆ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಅವರು ಹ್ಯಾಂಡಲ್ಲು ತಂದಿಟ್ಟಾಗ ನನ್ನ ಬಾಯಲ್ಲೂ ಬೇಡ ಅಂತ ಒಂದ್ ಮಾತು ಬರ್ಲಿಲ್ಲವಲ್ಲಯ್ಯಾ," ಎಂದರು. ಆಮೇಲೆ, "ನೀನೇ ಹೋಗಿ ಕರಕೊಂಡು ಬಾ. ನಾನ್ ಹೇಳಿ ಕಳಿಸಿದ್ರೆ ಬರಲ್ಲ ಅವರು," ಎಂದರು.

ಚನ್ನರಾಯಪಟ್ಟಣದವರೆಗೆ ವ್ಯಾನಿನಲ್ಲಿ ಹೋಗಿ, ಅಲ್ಲಿ ಬಾಡಿಗೆ ಸೈಕಲ್ ಹಿಡಿದು ನುಗ್ಗೇಹಳ್ಳಿ ದಾರಿ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕಟ್ಟಿಕೊಳ್ಳುತ್ತಿದ್ದೆ. ಎಲ್ಲ ಮಾತೂ ಎಲ್ಲೋ ಒಂದು ಕಡೆ ತಮಾಷೆಯ ಕಡೆಗೇ ವಾಲುತ್ತಿತ್ತು. ನನಗೆ ಬೇರೆ ತರಹ ಮಾತಾಡುವುದು ಗೊತ್ತೇ ಇರಲಿಲ್ಲ.

ಮನೆ ಬಾಗಿಲಲ್ಲಿ ಅವರ ಹೆಂಡತಿ ಇದ್ದರು. ಹಾಸನದ ಮೇಸ್ತ್ರಿ ಎಂದ ಕೂಡಲೇ ಅವರ ಮುಖ ಅರಳಿತು.

"ಅಯ್ಯೋ ಬನ್ನಿ ಅಣ್ಣಾ, ಕುಂತ್ಕಳಿ. ನಿಮ್ ಸುದ್ದಿ ಬಾಳ ಯೋಳೋರು ನಮ್ಮೋರು. ಊರಿಗ್ ಬಂದಾಗೆಲ್ಲ ನೀವ್ ಅಂದ ಮಾತ ನಮಗೆಲ್ಲ ಯೋಳಿ ನಗ್ಸೋರು. ಈಗ ಪಾಪ ಮಂಡಿ ನೋವು ಅಂತ ಬಂದ್ಬುಟ್ಟವ್ರೆ." ಮಜ್ಜಿಗೆ ತಂದುಕೊಟ್ಟರು.

ಅವರಿಗೆ ಏನೂ ಗೊತ್ತಿರಲಿಲ್ಲ. ಗಂಡ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆ ಮಜ್ಜಿಗೆ ಕುಡಿಯುವುದು ನನಗೆ ಬಲು ಕಷ್ಟವಾಯಿತು.

ಡ್ರೈವರಣ್ಣ ಹಿತ್ತಿಲಿನಲ್ಲಿ ಹಾರೆ ನೆಟ್ಟು ತೆಂಗಿನಕಾಯಿ ಸುಲಿಯುತ್ತಿದ್ದರು. ಮಂಡಿ ಚೆನ್ನಾಗಿಯೇ ಇತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಟ್ಟಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಅವರು ಸುಲಿಯುವುದನ್ನು ನಿಲ್ಲಿಸದೆ ಕೇಳಿದರು.

"ಸೋಪಾ?"

"ಸೋಪು ಅಣ್ಣಾ. ನಾನೇ ಮೆತ್ತಿದ್ದು."

ಇನ್ನೆರಡು ಕಾಯಿ ಸುಲಿದರು. ಆಮೇಲೆ ಕೈ ಒರೆಸಿಕೊಂಡು ನೇರವಾಗಿ ನಿಂತರು. "ನೀವು ಅಂದಿದ್ದು ಎಲ್ಲಾರ್ ಮುಂದೆ. ಇದ್ನ ಇಲ್ ಬಂದು ನನ್ನೊಬ್ನ ತಾವ ಯೋಳುದ್ರೆ ಏನ್ ಬಂತು? ಎಲ್ಲಾರ್ ಮುಂದೇನೇ ಯೋಳಿ. ಗಾಡಿ ಎಲ್ಲೆಲ್ ನಿಲ್ತದೋ ಅಲ್ಲೆಲ್ಲ ಯೋಳಿ."

"ಯೋಳ್ತೀನಿ ಅಣ್ಣಾ."

"ಇನ್ನೊಂದು. ಗಾಡಿ ಓಡುಸ್ತೀನಿ. ಟಿನ್ನು ಮಾತ್ರ ಮುಟ್ಟಾಕಿಲ್ಲ. ಯಾರಾನ ಉಯ್ಕಳಿ."

ಒಪ್ಪಿಕೊಂಡೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸೈಕಲ್ ತುಳಿಯುವುದು ಹಗುರವಾಗುತ್ತಿತ್ತು.

ಅವರು ಮತ್ತೆ ಸೀಟಿನಲ್ಲಿ ಕೂತ ದಿನ ಬೆಳಿಗ್ಗೆ ಹಾಸನದ ಸ್ಟ್ಯಾಂಡಿನಲ್ಲಿ ನಾನು ವ್ಯಾನಿನ ಮೆಟ್ಟಿಲು ಹತ್ತಿ ನಿಂತೆ. ಎಲೆಯಡಿಕೆಯವನು, ಟಪಾಲಿನವನು, ಗಾಡಿ ಕಾಯುವವರು, ಎಲ್ಲರೂ ಇದ್ದರು.

"ಎಲ್ಲಾರೂ ಕೇಳಿ. ಟ್ಯಾಂಕಿನ ಗಾಳಿ ಕೊಳವೇಲಿ ಸೋಪು ಕಟ್ಟಿತ್ತು. ಸೋಪು ಆಕಿದ್ದು ನಾನು. ಡ್ರೈವರಣ್ಣಂದು ಏನೂ ತಪ್ಪಿಲ್ಲ. ಅವತ್ತು ನಾನಂದಿದ್ದು ಸುಳ್ಳು."

ನಾನು ಇನ್ನೇನೋ ಸೇರಿಸುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು. ನನ್ನ ಮಾತಿಗೆ ಯಾವಾಗಲೂ ಕೊನೆಯಲ್ಲಿ ಒಂದು ತಿರುವು ಇರುತ್ತಿತ್ತಲ್ಲ.

"ಸೋಪಂತೆ!" ಎಂದ ಎಲೆಯಡಿಕೆಯವನು. "ಮೇಸ್ತ್ರಿ ಇವತ್ತು ಒಸಾದು ತಂದವ್ನೆ ಕಣ್ರಲಾ! ಉಯ್ಯೋ ಕೈ ಓಗಿ ಒಗ್ಯೋ ಕೈ ಆಯ್ತಾ?"

ಸ್ಟ್ಯಾಂಡು ಮತ್ತೆ ನಕ್ಕಿತು. ನಾನು ಆಣೆ ಇಟ್ಟೆ, ಇನ್ನೂ ಜೋರಾಗಿ ನಕ್ಕರು. "ಸತ್ಯ ಕಣ್ರಯ್ಯಾ," ಎಂದು ಕೂಗಿದೆ. ನನ್ನ ಮುಖ ಕೆಂಪಾಗಿದ್ದನ್ನು ನೋಡಿ, ಎಂಥಾ ನಟನೆ ಮಾಡ್ತಾನಪ್ಪಾ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇಷ್ಟು ವರ್ಷ ಅವರನ್ನು ನಗಿಸಿ ನಗಿಸಿ, ನನ್ನ ಬಾಯಿಂದ ಬಂದ ನಿಜ ಅವರಿಗೆ ನಿಜವಾಗಿ ಕೇಳುವುದೇ ನಿಂತುಹೋಗಿತ್ತು. ಡ್ರೈವರಣ್ಣ ಸ್ಟಿಯರಿಂಗ್ ಹಿಡಿದುಕೊಂಡು ರಸ್ತೆ ನೋಡುತ್ತ ಕೂತಿದ್ದರು.

ಅದೇ ಗಾಡಿಯಲ್ಲಿ ಹೋಗಿ, ಅರಕಲಗೂಡಿನಲ್ಲಿ ಹೆಚ್ಚು ನಿಧಾನವಾಗಿ, ಕೈ ಮುಗಿದುಕೊಂಡು ಹೇಳಿದೆ, ಇನ್ನು ಮೇಲೆ ಅವರನ್ನು ಆ ಹೆಸರಿನಿಂದ ಕರೆಯಬೇಡಿ ಎಂದೂ ಸೇರಿಸಿದೆ. ಅಲ್ಲಿ ಯಾರೂ ಜೋರಾಗಿ ನಗಲಿಲ್ಲ. ಆದರೆ ಹೊಸದಾಗಿ ವರ್ಗವಾಗಿ ಬಂದಿದ್ದ ಶಾಲೆಯ ಮೇಷ್ಟ್ರೊಬ್ಬರು ಬಹಳ ಮರ್ಯಾದೆಯಿಂದ ಪಕ್ಕದವರನ್ನು ಕೇಳಿದರು: "ಯಾರಿಗೆ ಹಾಗನ್ನುತ್ತಿದ್ದರು? ಏನಂತ?" ಪಕ್ಕದವರು ಹೇಳಿದರು. ಮೇಷ್ಟ್ರು ಬಗ್ಗಿ ಡ್ರೈವರಣ್ಣನ ಕೈಗಳನ್ನು ನೋಡಿದರು. ಅವರಿಗೆ ಆ ಕ್ಷಣದವರೆಗೆ ಆ ಹೆಸರು ಗೊತ್ತಿರಲಿಲ್ಲ. ತಿಳಿಸಿದವನು ನಾನು.

ಹೊಳೆನರಸೀಪುರದಲ್ಲಿ ಒಬ್ಬ ವಯಸ್ಸಾದ ರೈತರು ಮಾತ್ರ ನನ್ನನ್ನು ನಂಬಿದರು. "ಅಂಗಾರೆ ನಿಂಗೆ ಕೆಲ್ಸ ಬರಾಕಿಲ್ಲ ಅಂತಾಯ್ತಲ್ಲಪ್ಪಾ," ಎಂದರು. ಹೌದೆಂದೆ. ಆ ದಿನ ನನಗೆ ಸಿಕ್ಕ ಸಮಾಧಾನ ಅದೊಂದೇ.

ಹೊಳೆನರಸೀಪುರ ಬಿಟ್ಟು ಚನ್ನರಾಯಪಟ್ಟಣದ ದಾರಿಯಲ್ಲಿ ರೇಡಿಯೇಟರಿಗೆ ನೀರು ಹಾಕಲು ಒಂದು ತೋಪಿನ ಹತ್ತಿರ ಗಾಡಿ ನಿಂತಿತು. ನಾನು ನೀರಿನ ಡಬ್ಬಿ ಹಿಡಿದುಕೊಂಡು ಹೋದೆ. ಡ್ರೈವರಣ್ಣ ಇಳಿದು ನನ್ನ ಪಕ್ಕ ನಿಂತರು.

"ಮೇಸ್ತ್ರಿ, ಸಾಕು ಬುಡಿ."

"ಇನ್ನೊಂದು ಸ್ಟ್ಯಾಂಡು ಐತಲ್ಲ ಅಣ್ಣಾ. ಮಾತು ಕೊಟ್ಟಿವ್ನಿ."

"ಅದ್ಕೇ ಯೋಳದು. ಪಟ್ಣದ್ ಕಡೀಕೆ ಆ ಎಸ್ರು ಇನ್ನೂ ಬಂದಿಲ್ಲ. ನಮ್ಮೂರೋರು ಸಂತೆಗೆ ಬರದು ಅಲ್ಗೇ. ನನ್ ಎಂಡ್ರಿಗೂ ಗೊತ್ತಿಲ್ಲ." ಅವರ ದನಿ ಸಣ್ಣಗಾಯಿತು. "ಅಲ್ಲಿ ಯೋಳ್ಬ್ಯಾಡಿ. ನಿಮ್ಗೆ ಕೈ ಮುಗೀತೀನಿ."

ತಪ್ಪು ಮಾಡಿದವನು ನಾನು, ಕೈ ಮುಗಿದವರು ಅವರು. ಹೇಳುವುದಿಲ್ಲ ಎಂದೆ.

ಚನ್ನರಾಯಪಟ್ಟಣದಲ್ಲಿ ಟಿನ್ನು ಕಾದಿತ್ತು. ಕೊಬ್ಬರಿ ಮಂಡಿಯ ಜನ, ಗಾಡಿ ನೋಡಲು ಬಂದವರು, ನುಗ್ಗೇಹಳ್ಳಿ ಕಡೆಯ ಇಬ್ಬರು ಮೂವರು ಸುತ್ತ ನಿಂತರು. ಡ್ರೈವರಣ್ಣ ಮೆತ್ತೆ ಎತ್ತಿಟ್ಟು, ಹಲಗೆ ಸರಿಸಿ, ನಾಲ್ಕು ಹೆಜ್ಜೆ ದೂರ ಹೋಗಿ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ ನಿಂತರು. ಆಮೇಲೆ ಗಾಡಿಯ ಕೆಲಸ ಬಿಡುವವರೆಗೆ ಎಷ್ಟೋ ವರ್ಷ ಅವರು ನಿಂತದ್ದು ಹಾಗೇ, ಟಿನ್ನು ಬಂದಾಗಲೆಲ್ಲ ಅಷ್ಟೇ ದೂರದಲ್ಲಿ. ನಾನು ಟಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೂರಾ ಬಗ್ಗಿಸಿದೆ. ನಾಲ್ಕು ಗ್ಯಾಲನ್ನೂ ಒಂದೇ ಉಸಿರಿಗೆ ಇಳಿದುಹೋಯಿತು.

"ಒಂದ್ ತೊಟ್ಟೂ ಚೆಲ್ಲಲಿಲ್ವಲ್ಲ!" ಎಂದರು ಕೊಬ್ಬರಿ ಮಂಡಿಯವರೊಬ್ಬರು ಎಲ್ಲರಿಗೂ ಕೇಳುವ ಹಾಗೆ. "ಕೈ ಅಂದ್ರೆ ಇಂಗಿರ್ಬೇಕು ಕಣಪ್ಪಾ."

ಜನ ಹೌದು ಹೌದೆಂದು ತಲೆದೂಗಿದರು. ನಾನು ಬಾಯಿ ತೆರೆದೆ. ಡ್ರೈವರಣ್ಣ ಕೈ ಕಟ್ಟಿಕೊಂಡೇ ನನ್ನನ್ನು ನೋಡಿ, ಬೇಡ ಎಂದು ಒಂದೇ ಸಲ ತಲೆಯಾಡಿಸಿದರು. ಬಾಯಿ ಮುಚ್ಚಿಕೊಂಡೆ. ಅವರಿಗೆ ಸೇರಬೇಕಾದ ಆ ಹೊಗಳಿಕೆಯನ್ನು ಅವರ ಊರಿನವರ ಮುಂದೆ ನಾನೇ ಇಟ್ಟುಕೊಂಡು, ಟ್ಯಾಂಕಿನ ಮುಚ್ಚಳ ತಿರುಗಿಸಿ ಹಾಕಿದೆ.